ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಹಿರಿಯೂರು
12-2-1972

ಮಲ್ಲಕ್ಕನಿಗೆ ನಿನ್ನ ಗಂಡ ಚಿಕ್ಕತಿಮ್ಮಪ್ಪನ ಆಶೀರ್ವಾದ. ಇದು ಬರೀ ಕಾರ್ಡು. ನಮ್ಮೂರ ಪೋಸ್ಟ್‌ಮ್ಯಾನು ಓದಿ ಮುಗಿಸಿದ ಮೇಲೆ ನಿನ್ನ ಕೈಗೆ ಬರುತ್ತದೆ, ಆದ್ದರಿಂದ ಮೊದಲು ಅವನಿಗೊಂದು ನಮಸ್ಕಾರ.

ನಾನು ಓಡಿಸುವ ಧಣಿ ಹನುಮಂತಪ್ಪನವರ ಇಂಪಾಲ ಕಾರು ಇಲ್ಲಿ ಓಬಳೇಶಪ್ಪನ ಗ್ಯಾರೇಜಿನಲ್ಲಿ ಹುಣಸೆಮರದ ಕೆಳಗೆ ಬಾಯಿ ತೆರೆದುಕೊಂಡು ನಿಂತಿದೆ. ಅದರ ಆರು ಸಿಲಿಂಡರಿನ ಇಂಜಿನ್ನನ್ನು ಕೊಂಬೆಗೆ ಚೈನು ಬಿಗಿದು ಎತ್ತಿ ಇಳಿಸಿದೆವು. ಬೊಂಬಾಯಿಯಿಂದ ಲಾರಿಯಲ್ಲಿ ಬಂದ ಎಂಟು ಸಿಲಿಂಡರಿನದು ಗೋಣಿತಾಟಿನ ಮೇಲೆ ಕೂತಿದೆ, ಮದುವೆ ಮನೆಗೆ ಬಂದ ದಪ್ಪ ಬೀಗರ ಹಾಗೆ. ದುರ್ಗದ ಏರಿನಲ್ಲಿ ದಾವಣಗೆರೆಯ ಎಣ್ಣೆ ಮಿಲ್ಲಿನ ಸಾಹುಕಾರನ ಕಾರು ನಮ್ಮನ್ನು ಹಿಂದೆ ಹಾಕಿ ಹೋಯಿತಲ್ಲ, ಅಂದಿನಿಂದ ಧಣಿಗೆ ಅನ್ನ ಸೇರಿಲ್ಲ. ಹೊಸದುರ್ಗದ ಗಣಿಯ ಕೆಲಸ ಬಿಟ್ಟು ದಿನಬಿಟ್ಟು ದಿನ ಇಲ್ಲಿಗೆ ಬಂದು ನೋಡಿ ಹೋಗುತ್ತಾರೆ.

ಇಂಜಿನ್ನಿನ ಜೊತೆಗೇ ಗೇರ್‌ಬಾಕ್ಸೂ ಹೊಸದು. ಇದಕ್ಕೆ ಕ್ಲಚ್ಚೇ ಇಲ್ಲ ಕಣೇ! ಕಡ್ಡಿಯನ್ನು ಒಂದು ಸಲ ಎಳೆದು ಬಿಟ್ಟರೆ ತಾನೇ ಗೇರು ಬದಲಾಯಿಸಿಕೊಳ್ಳುತ್ತದೆ. ಬಲಗಾಲು ಒಂದಿದ್ದರೆ ಸಾಕು, ಎಡಗಾಲು ಊರು ನೋಡಿಕೊಂಡು ಕೂರಬಹುದು. ಎಲ್ಲ ಜೋಡಿಸಿ ಯುಗಾದಿಗೆ ಪೂಜೆ. ಅಲ್ಲಿಯ ತನಕ ನನ್ನ ವಾಸ ಗ್ಯಾರೇಜಿನಲ್ಲೇ.

ಸಂತೆಗೆ ಹೋದಾಗ ಹೊಸ ಚಪ್ಪಲಿಯಲ್ಲಿ ಒಂದನ್ನು ಕಳೆದುಕೊಂಡೆ. ಬಯ್ಯಬೇಡ. ಅಮ್ಮನಿಗೆ ನಮಸ್ಕಾರ, ಮಗಳು ಶಾಂತಳಿಗೆ ಮುತ್ತು.

ಚಿಕ್ಕತಿಮ್ಮಪ್ಪ

---

ಹೊರಕೆರೆದೇವಪುರ
19-2-1972

ಯಜಮಾನರ ಪಾದಗಳಿಗೆ ಮಲ್ಲಕ್ಕನ ನಮಸ್ಕಾರ. ಅತ್ತೆ, ಶಾಂತ, ಎಮ್ಮೆ, ಕರು ಎಲ್ಲರೂ ಚೆನ್ನಾಗಿದ್ದಾರೆ. ನಾನೊಬ್ಬಳು ಚೆನ್ನಾಗಿಲ್ಲ. ನನಗೆ ಭಯವಾಗಿದೆ.

ನಮ್ಮೂರ ಅಂಜನಪ್ಪ ಲಾರಿ ಓಡಿಸುತ್ತಾನಲ್ಲ, ಅವನು ಮನೆಗೆ ಬಂದಿದ್ದ. ಬೊಂಬಾಯಿಂದ ಆ ಇಂಜಿನ್ನು ತಂದ ಲಾರಿಯವರು ಅವನಿಗೆ ಗೊತ್ತಂತೆ. "ಅಕ್ಕಾ, ಅದು ಘಾಟಿನಾಗೆ ಉಳ್ಳಿ ಬಿದ್ದ ಕಾರಿಂದಂತೆ. ಒಳಗಿದ್ದೋರು ಒಬ್ರೂ ಉಳೀಲಿಲ್ವಂತೆ" ಅಂದ. ಅತ್ತೆಯ ಕೈಯಲ್ಲಿದ್ದ ಚೊಂಬು ಜಾರಿ ಬಿತ್ತು. ಸತ್ತವರನ್ನು ಹೊತ್ತುಕೊಂಡು ಹೋಗುತ್ತಿದ್ದ ಇಂಜಿನ್ನನ್ನು ಯಾರಾದರೂ ಮನೆಗೆ ತರುತ್ತಾರಾ? ಧಣಿಗೆ ಹಟ, ಸರಿ. ನಿಮ್ಮ ಬುದ್ಧಿ ಎಲ್ಲಿಗೆ ಹೋಗಿತ್ತು? ಅಂಜನಪ್ಪ ಇನ್ನೊಂದು ಮಾತು ಹೇಳಿದ. ಧಣಿ ಇಂಜಿನ್ ಒಂದು ಸಾಕು ಅಂದರೂ ನೀವೇ ದುಂಬಾಲು ಬಿದ್ದು ಆ ಗೇರ್‌ಬಾಕ್ಸನ್ನೂ ತರಿಸಿದಿರಂತೆ. ಯಾಕೆ? ಇಷ್ಟು ವರ್ಷ ಕ್ಲಚ್ಚು ತುಳಿದು ಕಾಲು ಸವೆದು ಹೋಯಿತೇ?

ಇನ್ನು ಚಪ್ಪಲಿ. ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೆ ಮನುಷ್ಯನಿಗೆ ಗೊತ್ತಾಗುವುದಿಲ್ಲವೇ? ಕುಡಿದಿದ್ದಿರಾ? ನನ್ನ ಹತ್ತಿರ ಸುಳ್ಳು ಹೇಳಬೇಡಿ. ಕುಡಿದವನ ಕೈಗೆ ಸತ್ತವರ ಇಂಜಿನ್ನು ಸಿಕ್ಕರೆ ಏನಾಗುತ್ತದೆ ಅಂತ ಯೋಚಿಸಿ ಯೋಚಿಸಿ ಮುದ್ದೆ ತಿರುವುವುದನ್ನೇ ಮರೆತು ಇವತ್ತು ಎಲ್ಲ ಗಂಟುಗಂಟು.

ಮಲ್ಲಕ್ಕ

---

ಹಿರಿಯೂರು
23-2-1972

ಮಲ್ಲಿ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋದೀತು ಅಂತ ಬರೆಯುತ್ತಿದ್ದೇನೆ.

ನಾನು ಕುಡಿದಿರಲಿಲ್ಲ. ಸಂತೆಯಲ್ಲಿ ಒಬ್ಬ ಮುದುಕ ಕೂಗಿ, "ಏನಪ್ಪಾ, ಒಂದೇ ಕಾಲಿಗೆ ಮೆಟ್ಟು ಹಾಕ್ಕಂಡು ಹೊಂಟೀಯಲ್ಲ" ಅಂದಾಗ ಬಗ್ಗಿ ನೋಡಿದೆ. ಎಡಗಾಲು ಬರಿಗಾಲು. ಕೆಳಗೆ ಕಲ್ಲು, ಮುಳ್ಳು, ಬಿಸಿಲಿಗೆ ಕಾದ ನೆಲ. ನನಗೆ ಏನೂ ಗೊತ್ತಾಗಿರಲಿಲ್ಲ.

ದಸರಾ ಹೊತ್ತಿಗೆ ಪಾದದಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಆಮೇಲೆ ಅದೂ ನಿಂತಿತು. ವಾಸಿಯಾಯಿತು ಅಂದುಕೊಂಡೆ. ಮೊಣಕಾಲಿನ ಕೆಳಗೆ ಹೊರಮಗ್ಗುಲಿಗೆ ಒಂದು ಬಿಳಿಚಿದ ಮಚ್ಚೆ ಇದೆ, ಅದರ ಮೇಲೆ ಕೂದಲಿಲ್ಲ. ನೀನು ನೋಡಬಾರದು ಅಂತಲೇ ಮನೆಗೆ ಬಂದಾಗ ಪಂಚೆ ಬಿಟ್ಟು ಪೈಜಾಮ ಹಾಕುತ್ತಿದ್ದೆ. "ಸಾಹೇಬರಾಗಿಬಿಟ್ಟಿರಿ" ಅಂತ ನೀನು ನಕ್ಕಿದ್ದೆ.

ಸಂಕ್ರಾಂತಿಗೆ ಮೊದಲು ಹೊಳಲ್ಕೆರೆಯ ರೈಲ್ವೆ ಗೇಟಿನಲ್ಲಿ ನಿಂತಿದ್ದೆವು. ಧಣಿ, ಧಣಿಯ ಹೆಂಡತಿ, ಇಬ್ಬರು ಮಕ್ಕಳು ಕಾರಿನಲ್ಲಿ. ಗೇರಿನಲ್ಲಿಟ್ಟು ಕ್ಲಚ್ಚು ಒತ್ತಿಕೊಂಡಿದ್ದೇನೆ ಅಂತಲೇ ನಾನು ತಿಳಿದಿದ್ದೆ. ಕಾಲು ಯಾವಾಗ ಜಾರಿತೋ! ಕಾರು ನೆಗೆದು ಗೇಟಿಗೆ ಗುದ್ದಿ ನಿಂತಿತು. ಅದೇ ಕ್ಷಣಕ್ಕೆ ಎದುರಿಗೆ ರೈಲು ಹಾದುಹೋಯಿತು. ಗೇಟು ಗಟ್ಟಿಯಿದ್ದದ್ದಕ್ಕೆ ಐದು ಜೀವ ಉಳಿಯಿತು. ಧಣಿ, "ಕ್ಲಚ್ ಪ್ಲೇಟು ಹೋಗಿರ್ಬೇಕು ಕಣ್ಲಾ" ಅಂದರು. ಹೌದು ಧಣಿ ಅಂದೆ.

ಕ್ಲಚ್ಚಿಲ್ಲದ ಗೇರ್‌ಬಾಕ್ಸಿಗೆ ದುಂಬಾಲು ಬಿದ್ದದ್ದು ಇದಕ್ಕೇ. ಅದೊಂದು ಬಂದರೆ ಎಡಗಾಲು ಇದ್ದರೂ ಸೈ, ಇಲ್ಲದಿದ್ದರೂ ಸೈ. ಯಾರಿಗೂ ಗೊತ್ತಾಗುವುದಿಲ್ಲ.

ಇದು ದೊಡ್ಡ ರೋಗ, ಮಲ್ಲಿ. ಕೆರೆ ಏರಿಯ ಕೆಳಗೆ ಗುಡಿಸಲಿನಲ್ಲಿದ್ದ ಉಚ್ಚಂಗೆಮ್ಮ ನೆನಪಿದ್ದಾಳಾ? ಕಲ್ಲಿನ ಮೇಲೆ ಮುದ್ದೆ ಇಟ್ಟು ದೂರ ಬಂದು ಕೂಗುತ್ತಿದ್ದೆವು. ಅವಳು ಸತ್ತಾಗ ಗುಡಿಸಲಿನ ಸಮೇತ ಸುಟ್ಟರು. ಆ ಕಲ್ಲು ಇನ್ನೂ ಅಲ್ಲೇ ಇದೆ. ಕಣ್ಣು ಮುಚ್ಚಿದರೆ ಆ ಕಲ್ಲಿನ ಈಚೆ ನೀನು, ಆಚೆ ನಾನು.

---

ಹಿರಿಯೂರು
24-2-1972

ಮಲ್ಲಕ್ಕನಿಗೆ ಆಶೀರ್ವಾದ. ನಿನ್ನ ಕಾಗದ ಬಂತು. ನಾನು ಕುಡಿದಿಲ್ಲ, ನಿನ್ನಾಣೆ. ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಅಷ್ಟೆ.

ಇಂಜಿನ್ನಿನ ವಿಷಯ ನೀನು ಹೇಳಿದ್ದು ಸರಿ. ಅದನ್ನು ಕಂಡರೆ ನನಗೂ ಭಯ. ಆದರೆ ಧಣಿಗೆ ಎದುರು ಹೇಳುವವರು ಯಾರು? ಈಗ ಅದನ್ನು ಕಾರಿಗೆ ಇಳಿಸಿಯಾಗಿದೆ. ಗೇರ್‌ಬಾಕ್ಸಿನ ಹೊಟ್ಟೆ ದೊಡ್ಡದಾಗಿ ಕೆಳಗೆ ಕೂರಲಿಲ್ಲ. ಓಬಳೇಶಪ್ಪ ಕಾರಿನ ನೆಲವನ್ನೇ ಕತ್ತರಿಸಿ, ನನ್ನ ಸೀಟಿನ ಎಡಕ್ಕೆ ತಗಡಿನ ಒಂದು ಗುಡ್ಡ ಎಬ್ಬಿಸಿ ಬೆಸುಗೆ ಹಾಕಿದ್ದಾನೆ. ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟನ್ನು ದುರ್ಗದ ಲೇತಿನಲ್ಲಿ ಕತ್ತರಿಸಿ ಅಳತೆಗೆ ತಂದೆವು. ದೇವರಿಗೆ ಏನಾದರೂ ಮಾಡಿಸುವುದಿದ್ದರೆ ಮಾಡಿಸು. ನನಗೂ ಧೈರ್ಯ ಬರುತ್ತದೆ.

ಚಿಕ್ಕತಿಮ್ಮಪ್ಪ

---

ಹೊರಕೆರೆದೇವಪುರ
2-3-1972

ಯಜಮಾನರಿಗೆ ನಮಸ್ಕಾರ. ನಿಮಗೂ ಭಯ ಅಂತ ಓದಿ ನನ್ನ ಭಯ ಎರಡು ಪಾಲಾಯಿತು. ಗಂಡಸು ಹೆದರಿದೆ ಅಂತ ಬರೆದು ಕೊಟ್ಟರೆ ಹೆಂಗಸು ಯಾರನ್ನು ನೋಡಿ ಧೈರ್ಯ ತಂದುಕೊಳ್ಳಬೇಕು?

ಗುಡಿಯ ಪೂಜಾರಿ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಕಣ್ಣು ಮುಚ್ಚಿ ಕೂತು, "ಸತ್ತೋರ ದೃಷ್ಟಿ ಇಂಜಿನ್ ಮ್ಯಾಲೈತೆ ಕಣಮ್ಮ. ಗಾಡಿನ ದೇವ್ರು ಅಂತ ತಿಳ್ಕಂಡು ನಡ್ಕಂಡ್ರೆ ಏನೂ ಆಗಾದಿಲ್ಲ" ಅಂದರು. ಈ ಲಕೋಟೆಯಲ್ಲಿ ಕರಿದಾರ ಇಟ್ಟಿದ್ದೇನೆ, ಸ್ಟೇರಿಂಗಿನ ಕೆಳಗೆ ಕಟ್ಟಿ. ಪೂಜೆಯಾದ ಮೇಲೆ ಮೊದಲ ಸವಾರಿಗೆ ಕಾರಿನಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಕೂರಬಾರದು. ಧಣಿಯೂ ಅಷ್ಟೆ, ನೀವೂ ಅಷ್ಟೆ. ಗುಡಿಯೊಳಗೆ ಚಪ್ಪಲಿ ಮೆಟ್ಟಿ ಹೋಗುತ್ತೀರಾ? ಇದೂ ಹಾಗೆಯೇ. ಬರಿಗಾಲು, ತೊಳೆದ ಕಾಲು. ಶಾಂತಳ ಮೇಲಾಣೆ, ತಪ್ಪಿಸಬೇಡಿ.

ಶಾಂತ ಒಂದನೇ ಕ್ಲಾಸಿನ ಪುಸ್ತಕ ಎಲ್ಲ ಬಾಯಿಪಾಠ ಹೇಳುತ್ತಾಳೆ. ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅವಳ ಎಡತೋಳಿನ ಮೇಲೆ ಎಂಟಾಣೆ ಅಗಲ ಬಿಳಿಚಿದ ಮಚ್ಚೆ ಎದ್ದಿದೆ. ಅತ್ತೆ ಚಿಬ್ಬು ಅನ್ನುತ್ತಾರೆ. ಗಂಧಕ ಅರೆದು ಹಚ್ಚುತ್ತೇನೆ. ಬೇರೇನೂ ವಿಶೇಷವಿಲ್ಲ.

ಮಲ್ಲಕ್ಕ

---

ಹಿರಿಯೂರು
6-3-1972

ಮಲ್ಲಕ್ಕ,

ಶಾಂತಳ ಮಚ್ಚೆ ಯಾವಾಗಿನಿಂದ ಇದೆ? ಕೆರೆಯುತ್ತದೆಯೇ? ನೋವಿದೆಯೇ? ಅದರ ಮೇಲೆ ಕೂದಲಿದೆಯೇ? ಒಂದೇ ಇದೆಯೋ, ಬೆನ್ನಿನ ಮೇಲೆ ಬೇರೆ ಇದೆಯೋ ಬಟ್ಟೆ ಬಿಚ್ಚಿ ನೋಡು. ಕೂಡಲೇ ಬರೆ. ಕಾರ್ಡಿನಲ್ಲಿ ಬರೆಯಬೇಡ, ಇನ್‌ಲ್ಯಾಂಡಿನಲ್ಲಿ ಬರೆದು ಅಂಟಿಸು. ಅವಳು ಯಾರ ಜೊತೆ ಮಲಗುತ್ತಾಳೆ? ನಾನು ಊರಿಗೆ ಬಂದಾಗ ನನ್ನ ಕಾಲ ಮೇಲೆಯೇ ಮಲಗುತ್ತಿದ್ದಳು ಅಲ್ಲವೇ?

ಗಂಧಕ ಹಚ್ಚಬೇಡ. ಮರೆಯಾಗಿ ಹೋದರೆ ಗೊತ್ತಾಗುವುದಿಲ್ಲ.

ಚಿಕ್ಕತಿಮ್ಮಪ್ಪ

---

ಹೊರಕೆರೆದೇವಪುರ
10-3-1972

ಯಜಮಾನರಿಗೆ,

ಸರಿ ಹೋಯಿತು. ಅತ್ತೆಗೆ ಮಂಡಿ ನೋವು, ಕೇಳಲಿಲ್ಲ. ನನ್ನ ಬಗ್ಗೆ ಮೊದಲೇ ಕೇಳುವುದಿಲ್ಲ. ಕಾಗದದ ತುಂಬ ಮಗಳ ಮಚ್ಚೆ. ಅವಳೇನು ನಾಳೆ ಹಸೆಮಣೆ ಏರಬೇಕೇ? ಪೇಟೆ ನೀರು ಕುಡಿದು ಬಣ್ಣದ ಚಿಂತೆ ಹತ್ತಿಕೊಂಡಿತು ನಿಮಗೆ.

ಹೋಗಲಿ, ಹೇಳುತ್ತೇನೆ. ಒಂದೇ ಇದೆ. ಕೆರೆಯುವುದೂ ಇಲ್ಲ, ನೋವೂ ಇಲ್ಲ. ಅದು ಅಲ್ಲಿದೆ ಅನ್ನುವುದೇ ಮಗುವಿಗೆ ಗೊತ್ತಿಲ್ಲ. ಸಮಾಧಾನವಾಯಿತೇ?

ಮನೆ ಸಾರಿಸಿ ಸುಣ್ಣ ಬಳಿದೆ. ಹಬ್ಬಕ್ಕೆ ನೀವಿಲ್ಲದೆ ಒಬ್ಬಟ್ಟು ಯಾರಿಗೆ ತಟ್ಟಲಿ ಅಂತ ಬೇಜಾರು. ಬರಿಗಾಲು ನೆನಪಿರಲಿ.

ಮಲ್ಲಕ್ಕ

---

ಹಿರಿಯೂರು
18-3-1972

ಮಲ್ಲಿ,

ಇದನ್ನು ಒಬ್ಬಳೇ ಕೂತು ಓದು. ಅಮ್ಮನಿಗೆ ಓದಿ ಹೇಳಬೇಡ.

"ಸಮಾಧಾನವಾಯಿತೇ" ಅಂತ ನೀನು ಕೇಳಿದ್ದೆ. ಆ ಸಾಲು ಓದಿ ಕಾಗದ ಮಡಿಸಿ, ಗ್ಯಾರೇಜಿನ ಹಿಂದೆ ಹೋಗಿ ಒಬ್ಬನೇ ಕೂತುಬಿಟ್ಟೆ. ಯಾಕೆ ಅಂತ ಈ ಕಾಗದ ಮುಗಿಯುವ ಹೊತ್ತಿಗೆ ನಿನಗೆ ಗೊತ್ತಾಗುತ್ತದೆ.

ಯುಗಾದಿ ಬೆಳಿಗ್ಗೆ ಕಾರನ್ನು ತೊಳೆದು, ಚೆಂಡುಹೂವು ಹಾಕಿ, ಗುಡಿಯ ಮುಂದೆ ಪೂಜೆ ಮಾಡಿಸಿದೆವು. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ನಿನ್ನ ಕರಿದಾರ ಕಟ್ಟಿದೆ. ನಿನ್ನ ಮಾತು ಧಣಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ಅವರು ನನಗಿಂತ ಮೊದಲೇ ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡು ಬಂದರು. ಸತ್ತವರ ಇಂಜಿನ್ನು ಅಂತ ಅವರಿಗೂ ಒಳಗೊಳಗೇ ಅಳುಕಿತ್ತು. ನನ್ನ ಎಡಕ್ಕೆ, ಮುಂದಿನ ಸೀಟಿನಲ್ಲಿ ಕೂತರು. ಅವರು ಯಾವತ್ತೂ ಅಲ್ಲೇ ಕೂರುವುದು. ಓಬಳೇಶಪ್ಪ ಹಿಂದೆ.

ಕೀ ತಿರುಗಿಸಿದೆ. ಮಲ್ಲಿ, ಆ ಇಂಜಿನ್ನಿನ ಸದ್ದು ಕಿವಿಗೆ ಕೇಳುವುದಲ್ಲ, ಹೊಟ್ಟೆಗೆ ಕೇಳುತ್ತದೆ. ಕಡ್ಡಿ ಎಳೆದು ಬಲಗಾಲು ಒತ್ತಿದರೆ ರಸ್ತೆಯೇ ನಮ್ಮ ಕಡೆ ಓಡಿ ಬಂತು. ಐಮಂಗಲ ಯಾವಾಗ ಬಂತು, ಯಾವಾಗ ಹೋಯಿತು ಗೊತ್ತಾಗಲಿಲ್ಲ. ಧಣಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ, ನಾನೂ ಎಲ್ಲ ಮರೆತೆ. ಎಡಗಾಲನ್ನು ಆ ತಗಡಿನ ಗುಡ್ಡಕ್ಕೆ ಒರಗಿಸಿ ಹಾಯಾಗಿ ಕೂತಿದ್ದೆ.

ಆ ತಗಡಿನ ಕೆಳಗೆ ಇಂಜಿನ್ನಿನ ಹೊಗೆಕೊಳವೆ ಹಾದುಹೋಗುತ್ತದೆ. ನಡುವೆ ಶಾಖ ತಡೆಯುವ ಕಲ್ನಾರಿನ ಹಾಳೆ ಹೊದಿಸಬೇಕಿತ್ತು, ಮೇಲೆ ರಬ್ಬರ್ ಹಾಸಬೇಕಿತ್ತು. ಬೆಂಗಳೂರಿನಿಂದ ಅವು ಬಂದಿರಲಿಲ್ಲ. ಹಬ್ಬ ತಪ್ಪಬಾರದು ಅಂತ ಹಾಗೆಯೇ ಹೊರಟಿದ್ದೆವು. ಧಣಿ ಇದ್ದಕ್ಕಿದ್ದಂತೆ, "ಅಯ್ಯಯ್ಯಪ್ಪಾ!" ಅಂತ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡರು.

"ಏನ್ಲಾ ಓಬಳೇಶ, ಕೆಳಗೆ ಒಲೆ ಹಚ್ಚೀಯೇನ್ಲಾ? ಕಾವಲಿ ಆದಂಗೆ ಆಗೈತೆ!"

"ಹಾಳೆ ಹಾಕಿಲ್ಲ ಧಣೇರೆ, ನಿಧಾನುಕ್ಕೆ ಹೋಗಾಣ" ಅಂದ ಅವನು.

ಆಗ ಧಣಿ ನನ್ನ ಕಾಲು ನೋಡಿದರು. ನಾನು ನೋಡಲಿಲ್ಲ, ರಸ್ತೆ ನೋಡುತ್ತಿದ್ದೆ. ಏನೋ ಸುಟ್ಟ ವಾಸನೆ. ವೈರಿಂಗು ಇರಬೇಕು ಅಂದುಕೊಂಡೆ.

"ತಿಮ್ಮಾ, ನಿನ್ ಕಾಲು ಸುಡ್ತಿಲ್ವೇನೋ?"

"ಇಲ್ಲ ಧಣಿ" ಅಂದುಬಿಟ್ಟೆ. ಅದೇ ನನ್ನ ಬಾಯಿಂದ ಬಂದದ್ದು. ಸುಡುತ್ತಿದೆ ಅಂದಿದ್ದರೆ ಮುಗಿದುಹೋಗುತ್ತಿತ್ತು.

ಗಾಡಿ ನಿಲ್ಲಿಸಿ ಕಾಲು ಎತ್ತಿದೆ. ಪಾದದ ಮಗ್ಗುಲಿನ ಚರ್ಮ ತಗಡಿಗೆ ಅಂಟಿಕೊಂಡು ಉಳಿಯಿತು. ಉಳಿದದ್ದು ಬೊಬ್ಬೆ. ಮೂವರೂ ನೋಡಿದೆವು. ಧಣಿ ಬಾಗಿಲು ತೆಗೆದು ಇಳಿದು, ಹಿಂದಕ್ಕೆ ಹೋಗಿ ಕೂತರು. ಓಬಳೇಶಪ್ಪ ಮುಂದೆ ಬಂದು ಓಡಿಸಿದ. ನಾನು ಧಣಿ ಕೂರುತ್ತಿದ್ದ ಜಾಗದಲ್ಲಿ ಕಾಲು ಮೇಲೆತ್ತಿ ಕೂತೆ. ಹಿರಿಯೂರಿನಲ್ಲಿ ಇಳಿದ ಧಣಿ ನನ್ನ ಮುಖ ನೋಡದೆ, "ಕಾರನ್ನ ಅರಿಶಿನದ ನೀರಾಗೆ ತೊಳೆಸು" ಅಂತ ಓಬಳೇಶಪ್ಪನಿಗೆ ಹೇಳಿ ಬಸ್ಸು ಹತ್ತಿದರು.

ಇದರ ಜೊತೆ ಹಳೆಯ ಕಾಗದ ಒಂದಿದೆ. ಆವತ್ತು ಬರೆದು ನನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ. ಅದನ್ನೂ ಓದು. ಈಗ ಗೊತ್ತಾಯಿತಲ್ಲ, ಮಗಳ ಮಚ್ಚೆಯ ಬಗ್ಗೆ ಯಾಕೆ ಕೇಳಿದೆ ಅಂತ. ಈ ರೋಗದ ಮಚ್ಚೆ ಕೆರೆಯುವುದಿಲ್ಲ, ನೋಯುವುದಿಲ್ಲ, ಇದೆ ಅಂತಲೇ ಗೊತ್ತಾಗುವುದಿಲ್ಲ. ನೀನು ಬರೆದೆಯಲ್ಲ, ಹಾಗೆಯೇ. ನನ್ನ ಕಾಲು ಹೋದರೆ ಹೋಗಲಿ. ಅವಳಿಗೆ ನಾನು ಏನು ಕೊಟ್ಟುಬಿಟ್ಟೆ ಅಂತ ನೆನೆದರೆ ಜೀವ ನಿಲ್ಲುವುದಿಲ್ಲ.

ನಾಳೆ ಓಬಳೇಶಪ್ಪ ನನ್ನನ್ನು ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. "ಬರ್ರಿ ತಿಮ್ಮಪ್ಪ, ಹಾಳೆ ಹಾಕ್ದೇ ಇದ್ದೋನು ನಾನು, ನಾನೇ ಕರ್ಕಂಡು ಹೋಗ್ತೀನಿ" ಅಂದ. ನನ್ನ ಭುಜದ ಮೇಲೆ ಕೈ ಇಟ್ಟ. ಕೈ ಇಟ್ಟನಲ್ಲ ಅಂತ ಅತ್ತುಬಿಟ್ಟೆ.

ಚಿಕ್ಕತಿಮ್ಮಪ್ಪ

---

ಹಿರಿಯೂರು
29-3-1972

ಮಲ್ಲಿ,

ನಿನ್ನಿಂದ ಕಾಗದವಿಲ್ಲ. ದಿನಾ ಪೋಸ್ಟಾಫೀಸಿಗೆ ಹೋಗಿ ನಿಲ್ಲುತ್ತೇನೆ. ನೀನು ಬರೆಯುವುದಿಲ್ಲ ಅಂದರೂ ನನಗೆ ಅರ್ಥವಾಗುತ್ತದೆ. ಕಲ್ಲಿನ ಈಚೆ ನಿಂತವರ ಭಯ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮಗಳ ವಿಷಯ ಒಂದು ಸಾಲು ಬರೆ.

ಡಾಕ್ಟರು ವಯಸ್ಸಾದವರು. ನನ್ನ ಹೆಸರು ಕೇಳಿದಷ್ಟೇ ಸಲೀಸಾಗಿ ರೋಗದ ಹೆಸರು ಹೇಳಿದರು. ಹೌದು, ಅದೇ, ಕುಷ್ಠ. "ಕಣ್ಮುಚ್ಚು, ಹತ್ತಿ ಮುಟ್ಟಿಸ್ತೀನಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸು" ಅಂದರು. ಬಲಗಾಲಿಗೆ ಎಲ್ಲ ಸರಿಯಾಗಿ ತೋರಿಸಿದೆ. ಎಡಗಾಲಿಗೆ ಯಾವಾಗ ಶುರು ಮಾಡುತ್ತಾರೋ ಅಂತ ಕಾಯುತ್ತಾ ಕೂತಿದ್ದೆ. "ಕಣ್ಣು ಬಿಡಪ್ಪ, ಮುಗೀತು" ಅಂದರು.

ಮಾತ್ರೆ ಕೊಟ್ಟಿದ್ದಾರೆ. ವರ್ಷಗಟ್ಟಲೆ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು. ನುಂಗಿದರೆ ರೋಗ ಅಲ್ಲೇ ನಿಲ್ಲುತ್ತದೆ, ಇನ್ನೊಬ್ಬರಿಗೆ ಹೋಗುವುದಿಲ್ಲ, ಮನೆಯಲ್ಲೇ ಇರಬಹುದು, ಕೆಲಸವನ್ನೂ ಮಾಡಬಹುದು ಅಂದರು. ಹೋದ ಸ್ಪರ್ಶ ಮಾತ್ರ ವಾಪಸು ಬರುವುದು ಕಷ್ಟ. "ಕಾಲು ನಿನಗೆ ಹೇಳೋದಿಲ್ಲ, ದಿನಾ ನೀನೇ ಕಣ್ಣಿಂದ ಕೇಳ್ಬೇಕು" ಅಂದರು. ಮಗುವಿನ ವಿಷಯ ಹೇಳಿದೆ. ಎಲ್ಲ ಬಿಳಿ ಮಚ್ಚೆಯೂ ಅದಲ್ಲ, ಹತ್ತಿ ಮುಟ್ಟಿಸಿ ನೋಡಿ, ಆಮೇಲೆ ಹೇಗಿದ್ದರೂ ಕರೆದುಕೊಂಡು ಬನ್ನಿ ಅಂದರು. ಹತ್ತಿ, ಮಲ್ಲಿ. ಸೂಜಿಯಲ್ಲ, ಬತ್ತಿ ಹೊಸೆಯುವ ಹತ್ತಿಯ ಎಳೆ. ಕಣ್ಣು ಮುಚ್ಚಿಸಿ ನೋಡು.

ಕೆಲಸದ್ದು ಕೇಳು. ಧಣಿ ಹೊಸದುರ್ಗದ ಕಾಟಪ್ಪನನ್ನು ಡ್ರೈವರಾಗಿ ಇಟ್ಟುಕೊಂಡರು. ಅವನು ಲಾರಿಯವನು. ಜನ್ಮವೆಲ್ಲ ಎಡಗಾಲಲ್ಲಿ ಕ್ಲಚ್ಚು ತುಳಿದವನು. ಈ ಗಾಡಿಯಲ್ಲಿ ಕ್ಲಚ್ಚಿದ್ದ ಕಡೆಯ ತನಕ ಅಗಲವಾದ ಬ್ರೇಕು ಇದೆ. ತಿರುವು ಬಂದಾಗಲೆಲ್ಲ ಅವನ ಎಡಗಾಲು ಅಭ್ಯಾಸಬಲದಿಂದ ಹೋಗಿ ಬಲವಾಗಿ ತುಳಿಯುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹೊಸದುರ್ಗದಿಂದ ಹೊಳಲ್ಕೆರೆ ತಲುಪುವಷ್ಟರಲ್ಲಿ ಧಣಿಯ ಹಣೆ ಎರಡು ಕಡೆ ಊದಿತ್ತು. ಆಮೇಲೆ ಬಂದ ಇನ್ನೊಬ್ಬ ಡ್ರೈವರದೂ ಅದೇ ಕಥೆ.

ಮೊನ್ನೆ ಹಣೆಗೆ ಪಟ್ಟಿ ಕಟ್ಟಿಕೊಂಡು ಧಣಿ ಗ್ಯಾರೇಜಿಗೆ ಬಂದರು. ದೂರದಲ್ಲೇ ನಿಂತು, "ಡಾಕ್ಟ್ರು ಏನಂದ್ರೋ?" ಅಂದರು. ಹೇಳಿದೆ. ಚೀಟಿ ತೋರಿಸು ಅನ್ನಲಿಲ್ಲ. "ಸುಮ್ಕೆ ಕೂರೋ ಎಡಗಾಲು ಇರೋನು ಈ ಸೀಮೆಗೆಲ್ಲ ನೀನೊಬ್ನೇ ಕಣ್ಲಾ, ಏನ್ ಮಾಡಾದು" ಅಂದರು. ಕಲ್ನಾರಿನ ಹಾಳೆ, ರಬ್ಬರು ಎಲ್ಲ ಹಾಕಿ ಆಗಿದೆ. ಸುಟ್ಟ ಗಾಯ ಆರಿದ ಮೇಲೆ ಬಾ ಅಂದಿದ್ದಾರೆ. ಆದರೆ ಇನ್ನು ಮುಂದೆ ಅವರು ಕೂರುವುದು ಹಿಂದಿನ ಸೀಟಿನಲ್ಲಿ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ತಮ್ಮ ಎಲೆಅಡಿಕೆ ಡಬ್ಬಿಯನ್ನು ಮುಂದಿನಿಂದ ತೆಗೆದು ಹಿಂದೆ ಇಟ್ಟರು. ನನ್ನ ಪಕ್ಕದ ಸೀಟು ಖಾಲಿ.

ನೀನು ಬೇಡ ಅಂದರೆ ಊರಿಗೆ ಬರುವುದಿಲ್ಲ. ಮಗಳ ಸುದ್ದಿ ಬರೆ.

ಚಿಕ್ಕತಿಮ್ಮಪ್ಪ

---

ಹೊರಕೆರೆದೇವಪುರ
4-4-1972

ನನ್ನ ಯಜಮಾನರಿಗೆ,

ನಿಮ್ಮ ಎರಡು ಕಾಗದ ಒಟ್ಟಿಗೆ ಇಟ್ಟಿದ್ದ ಲಕೋಟೆ ಬಂದ ದಿನ ನಾನು ಏನು ಮಾಡಿದೆ ಅಂತ ಮೊದಲು ಹೇಳುತ್ತೇನೆ, ಆಮೇಲೆ ಬಯ್ಯಿರಿ. ಓದಿ ಒಲೆಗೆ ಹಾಕಿದೆ. ನಿಮ್ಮ ಕಂಬಳಿ, ದಿಂಬು ಎತ್ತಿ ಹಿತ್ತಲಿಗೆ ಎಸೆದೆ. ಶಾಂತಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಸೀಗೆಪುಡಿ ಹಾಕಿ ಆ ಮಚ್ಚೆಯನ್ನು ತಿಕ್ಕಿದೆ, ತಿಕ್ಕಿದೆ, ಮಗು ಚೀರಿಕೊಳ್ಳುವ ತನಕ ತಿಕ್ಕಿದೆ. ಚೀರಿದ್ದು ಮಚ್ಚೆ ಉರಿದಿದ್ದಕ್ಕೋ, ನನ್ನ ಮುಖ ನೋಡಿ ಹೆದರಿದ್ದಕ್ಕೋ ಗೊತ್ತಾಗಲಿಲ್ಲ. ಆಮೇಲೆ ನನ್ನ ಕೈಯನ್ನೇ ತೊಳೆದುಕೊಂಡೆ. ಹೆತ್ತ ಮಗುವನ್ನು ಮುಟ್ಟಿ ಕೈ ತೊಳೆದುಕೊಂಡವಳು ನಾನು.

ಅತ್ತೆಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ನಿಮಗೆ ಬರೆಯಲು ಕೂತರೆ ಬಯ್ಗುಳವೇ ಬರುತ್ತಿತ್ತು. ಪೈಜಾಮ ಹಾಕಿಕೊಂಡು ನನ್ನನ್ನು ನಗಿಸಿದಿರಲ್ಲ ಅಂತ. ಕೆರೆಗೆ ಬಟ್ಟೆ ಒಗೆಯಲು ಹೋದಾಗ ಆ ಕಲ್ಲಿನ ಹತ್ತಿರ ಹೋದೆ. ಮದುವೆಯಾದ ಹೊಸದರಲ್ಲಿ ಉಚ್ಚಂಗೆಮ್ಮನಿಗೆ ನಾನೂ ಅದರ ಮೇಲೆ ಮುದ್ದೆ ಇಟ್ಟಿದ್ದೇನೆ. ಒಂದು ದಿನ ಅವಳು ಗುಡಿಸಲಿನಿಂದಲೇ, "ಹೊಸಾ ಹೆಣ್ಣೇ, ಒಸಿ ನಿಂತ್ಕಳವ್ವ, ನಿನ್ ಮಕ ನೋಡ್ತೀನಿ" ಅಂತ ಕೂಗಿದ್ದಳು. ನಾನು ಓಡಿ ಬಂದಿದ್ದೆ. ನಿಲ್ಲಬೇಕಾಗಿತ್ತು ಅಂತ ಈಗ ಅನ್ನಿಸುತ್ತದೆ. ಆ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಆಮೇಲೆ ಹತ್ತಿಯ ಕಾಗದ ಬಂತು. ನಿನ್ನೆ ಮಧ್ಯಾಹ್ನ ಅತ್ತೆ ಹೊರಗೆ ಹೋದಾಗ ಶಾಂತಳನ್ನು ಪಡಸಾಲೆಯಲ್ಲಿ ಕೂರಿಸಿ, "ಕಣ್ಣಿಗೆ ಬಟ್ಟೆ ಕಟ್ತೀನಿ, ಅಲ್ಲಾಡ್ಬಾರ್ದು, ನಗಬಾರ್ದು, ಸುಮ್ಕೆ ಕುಂತ್ಕಬೇಕು. ಮುಟ್ಟಿದ ಕಡೆ ಬೆರಳಿಡು" ಅಂದೆ. ಬತ್ತಿಯ ಎಳೆ ತೆಗೆದುಕೊಂಡೆ. ಮೊದಲು ಕೆನ್ನೆಗೆ ಮುಟ್ಟಿಸಿದೆ, ತೋರಿಸಿದಳು. ಅಂಗೈಗೆ ಮುಟ್ಟಿಸಿದೆ, ತೋರಿಸಿದಳು. ಆಮೇಲೆ ಮಚ್ಚೆಯ ನಡುವಿಗೆ ಮುಟ್ಟಿಸಿದೆ.

ಸುಮ್ಮನಿದ್ದಳು.

ಇನ್ನೊಂದು ಸಲ ಮುಟ್ಟಿಸಿದೆ. ಬೆರಳು ಮೇಲೆ ಬರಲಿಲ್ಲ. ತುಟಿ ಬಿಗಿಹಿಡಿದು ಬೊಂಬೆಯ ಹಾಗೆ ಕೂತಿದ್ದಳು. ಗೋಡೆ ಹಿಡಿದುಕೊಂಡೆ. ಮುಗಿಯಿತು, ಅಪ್ಪ ಮಗಳು ಇಬ್ಬರನ್ನೂ ಕರೆದುಕೊಂಡು ಯಾವ ಊರಿಗೆ ಹೋಗಲಿ ಅಂತ ಯೋಚಿಸಿದೆ. ನಿಮ್ಮಾಣೆ, ನಿಮ್ಮಿಬ್ಬರನ್ನು ಬಿಟ್ಟು ಹೋಗುವ ಯೋಚನೆ ಬರಲಿಲ್ಲ. ಅದು ನನಗೇ ಆಶ್ಚರ್ಯ.

ಮೂರನೆಯ ಸಲ ಎಳೆಯನ್ನು ಆ ಮಚ್ಚೆಯ ಮೇಲೆ ಮೆಲ್ಲಗೆ ಸುತ್ತು ತಿರುಗಿಸಿದೆ. ಅವಳ ಹೊಟ್ಟೆ ಕುಲುಕಿತು. ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ತಡೆಯಲಾರದೆ ಕಿಸಕ್ಕನೆ ನಕ್ಕು ನೆಲಕ್ಕೆ ಉರುಳಿದಳು.

"ಅವ್ವಾ, ಅಲ್ಲಿ ಬ್ಯಾಡ, ಕಚಗುಳಿ ಆಗ್ತೈತೆ! ಬೆರಳು ಎತ್ತಿದ್ರೆ ನಗು ಬಂದ್ಬಿಡ್ತಿತ್ತು. ನೀನೇ ನಗಬ್ಯಾಡ ಅಂದಿದ್ದಲ್ಲ!"

ಮತ್ತೆ ಮುಟ್ಟಿಸಿದೆ, ಮತ್ತೆ ನಕ್ಕಳು. ಅವಳು ಸಾಕು ಸಾಕು ಅಂದರೂ ಬಿಡಲಿಲ್ಲ. ಅತ್ತೆ ಬಂದು ನೋಡಿದಾಗ ನಾನು ಮಗುವನ್ನು ಅವಚಿಕೊಂಡು ಗೊಳೋ ಅಂತ ಅಳುತ್ತಿದ್ದೆ, ಅವಳು ನಗುತ್ತಿದ್ದಳು. ಅತ್ತೆಗೆ ಆಗ ಎಲ್ಲ ಹೇಳಿದೆ. ಅವರು ಎದ್ದು ಹಿತ್ತಲಿಗೆ ಹೋಗಿ ನಿಮ್ಮ ಕಂಬಳಿ ತಂದು, ಒದರಿ, ಬಿಸಿಲಿಗೆ ಹಾಕಿದರು.

ಆದರೂ ಡಾಕ್ಟರಿಗೆ ತೋರಿಸೋಣ. ನೀವು ಬಂದು ಕರೆದುಕೊಂಡು ಹೋಗಿ. ಆ ಇಂಜಿನ್ನು ಕಂಡರೆ ನನಗೆ ಈಗಲೂ ಭಯ, ಮುಚ್ಚಿಡುವುದಿಲ್ಲ. ಧಣಿಯನ್ನು ಒಂದು ದಿನದ ಮಟ್ಟಿಗೆ ಕಾರು ಕೇಳಿ, ಕೊಟ್ಟೇ ಕೊಡುತ್ತಾರೆ, ಅವರ ಹಣೆ ನಿಮ್ಮ ಕಾಲಲ್ಲಿದೆ. ಧಣಿ ಹಿಂದೆ ಕೂರಲಿ. ಪಕ್ಕದ ಸೀಟು ಖಾಲಿ ಅಂತ ಬರೆದಿದ್ದೀರಲ್ಲ, ಅಲ್ಲಿ ನಾನು ಕೂರುತ್ತೇನೆ, ಶಾಂತಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ನಿಮ್ಮ ಎಡಗಾಲು ಎಲ್ಲಿದೆ ಅಂತ ನಾನು ನೋಡಿಕೊಳ್ಳುತ್ತೇನೆ.

ಪೂಜಾರಿ ಏನಾದರೂ ಹೇಳಲಿ, ಬರಿಗಾಲಲ್ಲಿ ಬರಬೇಡಿ. ಚಪ್ಪಲಿ ಹಾಕಿಕೊಂಡೇ ಬನ್ನಿ. ಈ ಸಲ ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೊಳ್ಳಿ.

ಮಲ್ಲಕ್ಕ